ಹಳೇ ಹೊಲಿಗೆ ಮಷಿನ್ ತಗೊಳ್ಳೋದಾ, ಹೊಸದಾ? ಸೆಕೆಂಡ್ ಹ್ಯಾಂಡ್ ಬಟ್ಟೆ ತಗೊಂಡವರೂ ಅನುಭವ ಹೇಳಿ

ವಿನೋಬನಗರ ಬಾಡಿಗೆ ಮನೆ
ಎಲ್ಲರಿಗೂ ನಮಸ್ಕಾರ. ಲೈನಿಂಗ್ ಬ್ಲೌಸ್ ಹೊಲಿಯೋಕೆ ಬರುತ್ತೆ, ಫಾಲ್ ಕೈಯಲ್ಲೇ ಹಾಕ್ತೀನಿ. ಇಷ್ಟು ದಿನ ಪಕ್ಕದ ಮನೆಯವರ ಮಷಿನ್ ಇತ್ತು, ಅವರೀಗ ಮನೆ ಖಾಲಿ ಮಾಡಿದ್ರು. ಗೃಹಲಕ್ಷ್ಮಿ ದುಡ್ಡಲ್ಲಿ ₹6,000 ಕೂಡಿಟ್ಟಿದೀನಿ. ಇಲ್ಲೇ ಶಿವಮೊಗ್ಗದ ಗೋಪಾಳದಲ್ಲಿ ಒಬ್ಬರು ಹಳೇ ಕಾಲ್ ಮಷಿನ್ ₹3,200ಕ್ಕೆ ಕೊಡ್ತಾರಂತೆ. ತಗೋಬಹುದಾ? ಮಗಳು ಏಳನೇ ಕ್ಲಾಸು, ಆರು ತಿಂಗಳಿಗೆ ಬಟ್ಟೆ ಗಿಡ್ಡ ಆಗುತ್ತೆ. ಅವಳಿಗೆ ಜೀನ್ಸ್, ಕುರ್ತಾ ಸೆಕೆಂಡ್ ಹ್ಯಾಂಡ್ ತಂದು ನಾನೇ ಆಲ್ಟರ್ ಮಾಡೋ ಯೋಚನೆ ಇದೆ. ನವೆಂಬರಲ್ಲಿ ನಾದಿನಿ ಮದುವೆ ಬೇರೆ. ತಿಳಿದವರು ಹೇಳಿ.

ಹೊಸನಗರ ಕಡೆಯವಳು
ಬೇಡ. ಬೇಡವೇ ಬೇಡ. ನಮ್ಮನೇಲೂ ಹೀಗೇ "ಕಡಿಮೆಗೆ ಸಿಕ್ತು" ಅಂತ ತಂದದ್ದು. ಲೆಕ್ಕ ಬರೆದಿಟ್ಟಿದೀನಿ, ಕೇಳಿ. ಮಷಿನ್ನಿಗೆ ₹2,800. ಶಿವಮೊಗ್ಗದಿಂದ ಊರಿಗೆ ತರೋಕೆ ₹350. ಬೆಲ್ಟ್ ₹120, ಶಟಲ್ ₹280, ಬಾಬಿನ್ ಕೇಸ್ ₹90, ಟೆನ್ಶನ್ ಸೆಟ್ ₹150. ಮೇಲಿನ ಹಲಗೆ ಮಳೆಗೆ ಉಬ್ಬಿ ಮಷಿನ್ ಕೂರ್ತಾನೇ ಇರ್ಲಿಲ್ಲ, ಪ್ಲೈವುಡ್ ಹಾಕಿಸಿದ್ದಕ್ಕೆ ₹900. ರಿಪೇರಿಯವನಿಗೆ ₹400, ಕಾಫಿ ತಿಂಡಿ ಬೇರೆ. ಒಟ್ಟು ₹5,090. ಮೂಗಿಗಿಂತ ಮೂಗುತಿ ಭಾರ! ಇಷ್ಟಾದ ಮೇಲೂ ದಪ್ಪ ಬಟ್ಟೆ ಕೊಟ್ರೆ ಹೊಲಿಗೆ ಬಿಡುತ್ತೆ. ಕೊಟ್ಟ ಪುಣ್ಯಾತ್ಮ ತೋರಿಸೋವಾಗ ಒಂದು ಪಾಪ್ಲಿನ್ ತುಂಡು ಇಟ್ಟು ಸುಯ್ಯನೆ ಹೊಲಿದು ತೋರಿಸಿದ. ಪಾಪ್ಲಿನ್ ಮೇಲೆ ಯಾವ ಮಷಿನ್ ಹೊಲಿಯಲ್ಲ? ಈಗ ಫೋನ್ ಎತ್ತಲ್ಲ. ಮಳೆಗಾಲದಲ್ಲಿ ಜಗಲಿ ಮೂಲೇಲಿ ನಿಂತಿರುತ್ತೆ, ಅದರ ಮೇಲೆ ಒದ್ದೆ ಬಟ್ಟೆ ಹರಗ್ತೀವಿ.

ಭದ್ರಾವತಿ ಪೇಪರ್ ಟೌನ್
ಒದ್ದೆ ಬಟ್ಟೆ ಹರಗಿದ್ರೆ ತುಕ್ಕು ಹಿಡೀದೆ ಇನ್ನೇನಾಗುತ್ತೆ ಮಾರಾಯ್ತಿ? ಮಷಿನ್ನಿನ ತಪ್ಪಾ ಅದು?

ನಮ್ಮತ್ತೆಯವರ ಕರೀ ಮಷಿನ್ ಇವತ್ತಿಗೂ ಓಡ್ತಿದೆ. ಎರಕದ ಕಬ್ಬಿಣದ ಸ್ಟ್ಯಾಂಡು, ಇಬ್ಬರು ಗಂಡಸರು ಬೇಕು ಎತ್ತೋಕೆ. ಅದರಲ್ಲೇ ನಮ್ಮತ್ತೆ ಮೂರು ಮಕ್ಕಳ ಯೂನಿಫಾರ್ಮ್ ಹೊಲಿದ್ರು, ನಾನು ಇಬ್ಬರದು ಹೊಲಿದೆ. ಹಳೇದು ನೋಡೋಕೆ ಹೋದಾಗ ಬಣ್ಣ ನೋಡಬಾರದು. ಬೆಲ್ಟ್ ತೆಗೆಸಿ, ಕೈಯಲ್ಲಿ ಚಕ್ರ ತಿರುಗಿಸಿ. ಒಂದೇ ಸಮ ತಿರುಗಬೇಕು, ನಡುವೆ ಕಚ್ಚಬಾರದು. ಸೂಜಿ ಕೂರೋ ಕಂಬಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಲೊಡಕ್ ಅಂದ್ರೆ ವಾಪಸ್ ಬನ್ನಿ. ಕೆಳಗಿನ ಹಲ್ಲು ಬೆರಳಿಗೆ ಚುಚ್ಚಬೇಕು, ನುಣ್ಣಗಾಗಿದ್ರೆ ಬಟ್ಟೆ ಎಳೆಯಲ್ಲ. ಪಾಪ್ಲಿನ್ ಅಲ್ಲ, ಮಗಳ ಹಳೇ ಜೀನ್ಸ್ ಒಂದು ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಅದನ್ನ ನಾಕು ಪದರ ಮಡಚಿ ಹೊಲಿದು ತೋರಿಸಿ ಅನ್ನಿ. ದಪ್ಪ ಬಟ್ಟೆಗೆ ಹಾಕೋ ಹದಿನಾರು ನಂಬರಿನ ಸೂಜಿ ನೀವೇ ಒಯ್ಯಿರಿ, ಅವರ ಹತ್ರ ಇಲ್ಲ ಅಂತಾರೆ.

ತಿಂಗಳಿಗೊಂದು ಸಲ ಎಣ್ಣೆ. ಆಷಾಢ, ಶ್ರಾವಣದಲ್ಲಿ ವಾರಕ್ಕೊಂದು ಸಲ. ಹೊಲಿಯದಿದ್ರೂ ಚಕ್ರ ತಿರುಗಿಸಿ ಇಡ್ತೀನಿ.

ಹೊಸನಗರ ಕಡೆಯವಳು
ನಿಮ್ಮದು ಅತ್ತೆ ಕೊಟ್ಟದ್ದು, ಪುಕ್ಕಟೆ. ದುಡ್ಡು ಕೊಟ್ಟು ತಂದವರಿಗೆ ಗೊತ್ತು ಸಂಕಟ. ಭದ್ರಾವತಿ ಮಳೆ ನಮ್ಮ ಕಡೆ ಮಳೆಗೆ ಸಮನಾ? ನಮ್ಮಲ್ಲಿ ಬೆಂಕಿಪೊಟ್ಟಣ ಕೂಡ ಒಲೆ ಪಕ್ಕ ಇಡಬೇಕು.

ಗಾರ್ಮೆಂಟ್ಸ್ ಬಿಟ್ಟವಳು
ಕಾಲ್ ಮಷಿನ್ ಯಾಕೆ? ಗಾರ್ಮೆಂಟ್ಸಲ್ಲಿ ಕಾಲರ್ ಕೂರಿಸೋ ಕೆಲಸ ಮಾಡ್ತಿದ್ದೆ, ಪವರ್ ಮಷಿನ್ ಕೈ ಹಿಡಿದವರಿಗೆ ಆ ತುಳಿಯೋದು ಆಗಲ್ಲ. ಬಿಟ್ಟ ಮೇಲೆ ಫ್ಯಾಕ್ಟರಿ ಮಾದರಿದೇ ಸೆಕೆಂಡ್ಸ್ ತಗೊಂಡೆ, ₹13,500, ಟೇಬಲ್ ಸಮೇತ. ಅದರ ಕ್ಲಚ್ ಮೋಟರ್ ಅರ್ಧ ಎಚ್‌ಪಿ. ಹೊಲಿದ್ರೂ ತಿರುಗುತ್ತೆ, ಸುಮ್ನೆ ಕೂತ್ರೂ ಗುಂಯ್ ಅಂತ ತಿರುಗ್ತಾನೇ ಇರುತ್ತೆ. ಗೃಹಜ್ಯೋತಿ ಲೆಕ್ಕ ಹಳೇ ಸರಾಸರಿ ಮೇಲೆ ಸ್ವಲ್ಪ ಹೆಚ್ಚು ಅಷ್ಟೇ ಅಲ್ವಾ, ಅದು ದಾಟಿ ಬಿಲ್ ಬರೋಕೆ ಶುರುವಾಯ್ತು. ಆಮೇಲೆ ಸರ್ವೋ ಮೋಟರ್ ಹಾಕಿಸಿದೆ, ₹3,800 ಹೋಯ್ತು. ತುಳಿದಾಗ ಮಾತ್ರ ಓಡುತ್ತೆ, ಬಿಲ್ ಇಳಿದಿದೆ. ಸೂಜಿನೂ ಬೇರೆ, ಇದಕ್ಕೆ ದುಂಡನೆ ಬುಡದ್ದು. ಮನೆ ಮಷಿನ್ನಿನ ಚಪ್ಪಟೆ ಬುಡದ ಸೂಜಿ ಕೂರಲ್ಲ. ತಿಂಗಳಿಗೆ ಬ್ಲೌಸ್, ನೈಟಿ ಸೇರಿ ಮನೆ ಖರ್ಚಿನಷ್ಟು ಬರ್ತಿದೆ.

ಅಂದ ಹಾಗೆ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೇಲಿ ಟೈಲರ್‌ಗಳಿಗೆ ಸಲಕರಣೆ ತಗೊಳ್ಳೋಕೆ ₹15,000 ಟೂಲ್‌ಕಿಟ್ ವೋಚರ್ ಇದೆ. ಅರ್ಜಿ ಹಾಕಿ.

ಆಗುಂಬೆ ದಾರಿ
ಪವರ್ ಮಷಿನ್ನಾ? ಜುಲೈಯಲ್ಲಿ ಒಂದು ಮರ ಲೈನ್ ಮೇಲೆ ಬಿದ್ರೆ ನಮ್ಮಲ್ಲಿ ಮೂರು ದಿನ ಕರೆಂಟಿಲ್ಲ. ಆಗ ಏನು, ಟೇಬಲ್ ಮೇಲೆ ಹಪ್ಪಳ ಒತ್ತೋದಾ?

ಗಾರ್ಮೆಂಟ್ಸ್ ಬಿಟ್ಟವಳು
ಕೇಳಿದ್ದು ವಿನೋಬನಗರದವರು, ಆಗುಂಬೆಯವರಲ್ಲ.

ಶಿರಾಳಕೊಪ್ಪ
ಆ ವೋಚರ್ ವಿಷಯ ಎಲ್ಲರೂ ಒಂದೇ ಸಾಲಲ್ಲಿ ಹೇಳಿ ಹೋಗ್ತಾರೆ. ನಾನು ಓಡಾಡಿದ್ದು ಕೇಳಿ. 2023ರ ಸೆಪ್ಟೆಂಬರಲ್ಲಿ ಶುರುವಾದ ಯೋಜನೆ. ಅರ್ಜಿ ಹಾಕೋಕೆ ದುಡ್ಡಿಲ್ಲ ಅಂತ ನಿಯಮ, ನಮ್ಮೂರಲ್ಲಿ ಕಂಪ್ಯೂಟರ್ ಮುಂದೆ ಕೂತವನಿಗೆ ₹200 ಕೊಟ್ಟೆ. ಮೊದಲು ಪಂಚಾಯ್ತಿ ಹಂತದಲ್ಲಿ ಪರಿಶೀಲನೆ ಆಗಬೇಕು, ಅಲ್ಲೇ ನನ್ನದು ಮಲಗಿಬಿಡ್ತು. ಕೇಳಿದ್ರೆ "ಮೇಲೆ ಹೋಗಿದೆ", ಮೇಲೆ ಕೇಳಿದ್ರೆ "ಕೆಳಗಿಂದ ಬಂದಿಲ್ಲ". ಒಂದು ಮನೆಗೆ ಒಬ್ಬರಿಗೇ. ಐದು ವರ್ಷದೊಳಗೆ ಮುದ್ರಾ ಸಾಲ ತಗೊಂಡು ತೀರಿಸದಿದ್ರೆ ಆಗಲ್ಲ. ಮುಖ್ಯವಾಗಿ ಅದು ಹೊಲಿಗೆಯನ್ನೇ ಕಸುಬು ಮಾಡ್ಕೊಂಡವರಿಗೆ, ಮಗಳ ಕುರ್ತಾ ಹೊಲಿಯೋರಿಗಲ್ಲ. ಕೊನೆಗೆ ಬಂತು, ತರಬೇತಿಗೆ ದಿನಕ್ಕೆ ₹500 ಭತ್ಯೆನೂ ಬಂತು. ಆದ್ರೆ ಅಷ್ಟರಲ್ಲಿ ನಾನು ಸಂಘದಲ್ಲಿ ಸಾಲ ಮಾಡಿ ಮಷಿನ್ ತಂದಾಗಿತ್ತು. ಈಗ ಮನೇಲಿ ಎರಡಿವೆ, ಒಂದರ ಮೇಲೆ ಟಿವಿ ಇಟ್ಟಿದೀವಿ.

ಸಾಗರ, ಸೋಗೆ ಮನೆ ಕಾಲದವಳು
ಮಷಿನ್ ಜಗಳ ಇರ್ಲಿ, ಬಟ್ಟೆ ವಿಷಯಕ್ಕೆ ಬರ್ತೀನಿ. ಸೆಕೆಂಡ್ ಹ್ಯಾಂಡ್ ಹುಡುಕ್ಕೊಂಡು ಪೇಟೆಗೆ ಯಾಕೆ ಹೋಗ್ತೀರಿ, ನಿಮ್ಮ ಕಪಾಟಲ್ಲೇ ಇದೆ. ಒಂದು ಸೀರೆ ಅಂದ್ರೆ ಐದೂವರೆ ಮೀಟರ್ ಬಟ್ಟೆ. ಕಾಟನ್ ಸೀರೆ ಒಂದರಲ್ಲಿ ಮಗಳಿಗೆ ಎರಡು ಕುರ್ತಾ ಆಗಿ, ನನ್ನ ಬ್ಲೌಸಿಗೆ ಲೈನಿಂಗೂ ಮಿಕ್ಕುತ್ತೆ. ಹಳೇ ಸೀರೆ ಲೈನಿಂಗ್ ಎಷ್ಟೋ ಸಲ ಒಗೆದಾಗಿರುತ್ತೆ, ಇನ್ನು ಕುಗ್ಗಲ್ಲ. ಅಂಗಡಿಯ ಹೊಸ ಲೈನಿಂಗ್ ನೆನೆಸದೆ ಹೊಲಿದ್ರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಮೇಲಿನದು ಸುಕ್ಕು ಬೀಳುತ್ತೆ, ಗೊತ್ತಿರೋದೇ.

ರೇಷ್ಮೆ ಸೀರೆ ಮಾತ್ರ ನೋಡಿ ಕತ್ತರಿ ಹಾಕಿ. ಅಮ್ಮನ ಧಾರೆ ಸೀರೆ ಲಂಗ ಮಾಡೋಣ ಅಂತ ಬಿಚ್ಚಿದೆ. ಮೇಲ್ನೋಟಕ್ಕೆ ಹೊಸದರ ಹಾಗೇ. ಮಡಿಕೆ ಇದ್ದ ಗೆರೆಯುದ್ದಕ್ಕೂ ಎರಡು ಹೆಬ್ಬೆರಳಲ್ಲಿ ಸಣ್ಣಗೆ ಎಳೆದೆ, ಸರ್ರನೆ ಬಿಟ್ಕೊಂಡು ಬಂತು. ವರ್ಷಗಟ್ಟಲೆ ಒಂದೇ ಮಡಿಕೇಲಿ ಇಟ್ರೆ ಹಾಗೇ. ಲಂಗ ಆಗ್ಲಿಲ್ಲ. ಅಂಚು ಮಾತ್ರ ಬಿಡಿಸಿ ಸಾದಾ ಬಟ್ಟೆಗೆ ಕೂರಿಸಿದೆ, ಮಗಳು ಅದನ್ನೇ ಮಾರಿಕಾಂಬಾ ಜಾತ್ರೆಗೆ ಹಾಕಿದ್ಲು. ಎಲ್ಲರೂ ಎಲ್ಲಿ ತಗೊಂಡ್ರಿ ಅಂತ ಕೇಳಿದ್ದು.

ಉಳಿದ ಚೂರು ಬಟ್ಟೆ ಎಸೀಬೇಡಿ, ಕೌದಿಗೆ ಬರುತ್ತೆ.

ಮಡಿಯವರು
ಮನೆಯವರದ್ದು ಸರಿ. ಗೊತ್ತಿಲ್ಲದವರು ಹಾಕಿ ಬಿಟ್ಟ ಬಟ್ಟೆ ಮಕ್ಕಳಿಗೆ ಹಾಕೋದು ಹೇಗೆ ಅಂತೀನಿ? ಯಾರದ್ದೋ, ಏನಾಗಿತ್ತೋ. ಸತ್ತೋರದ್ದೂ ಇರಬಹುದು. ನಮ್ಮಲ್ಲಿ ಅಂಥದ್ದು ಹೊಸ್ತಿಲು ದಾಟಿಸಲ್ಲ.

ಶಂಕರಘಟ್ಟ ಹಾಸ್ಟೆಲ್
ನಮಸ್ಕಾರ ಆಂಟಿ. ನಾನು ಎಂ.ಎ. ಓದ್ತಿದೀನಿ, ಮೈಮೇಲಿರೋ ಮುಕ್ಕಾಲು ಬಟ್ಟೆ ಗೊತ್ತಿಲ್ಲದವರದ್ದೇ. ಇನ್ನೂ ಯಾರ ದೆವ್ವವೂ ಮೆಟ್ಟಿಕೊಂಡಿಲ್ಲ. ಜೀನ್ಸ್ ₹150, ಡೆನಿಮ್ ಜಾಕೆಟ್ ₹300. ಹೊಸದು ಅಷ್ಟಕ್ಕೆ ಕಾಲ್ಚೀಲ ಬರುತ್ತೆ. ನೋಡೋದು ಎರಡೇ ಜಾಗ, ಜೀನ್ಸಿಗೆ ತೊಡೆಸಂದು, ಟಾಪಿಗೆ ಕಂಕುಳು. ಬೆಳಕಿಗೆ ಹಿಡಿದಾಗ ಬಟ್ಟೆ ಜಾಳಾಗಿ ಕಂಡ್ರೆ ಬಿಡಿ, ಎಷ್ಟು ಚಂದ ಇದ್ರೂ. ಜಿಪ್ ಹೋಗಿದ್ರೆ ತಗೋಬಹುದು, ಅದನ್ನೇ ಹೇಳಿ ಬೆಲೆ ಇಳಿಸಿ. ತಂದ ದಿನವೇ ಕುದಿ ನೀರಲ್ಲಿ ನೆನೆಸಿ, ಒಗೆದು, ತಿರುಗಿಸಿ ಇಸ್ತ್ರಿ.

ಒಂದು ಬೇಜಾರು. ಆನ್‌ಲೈನಲ್ಲಿ ಒಬ್ಬಳ ಹತ್ರ ಕುರ್ತಾ ತರಿಸಿದೆ, ₹220, ಕೊರಿಯರ್ ₹90. ಫೋಟೋದಲ್ಲಿ ಮುಂಭಾಗ ಮಾತ್ರ. ಬಂದ ಮೇಲೆ ನೋಡಿದ್ರೆ ಬೆನ್ನಿಗೆ ಬೂಷ್ಟಿನ ಕಪ್ಪು ಚುಕ್ಕಿ. ನಿಂಬೆಹಣ್ಣು, ಬಿಸಿಲು, ಸೋಡಾ, ಯಾವುದಕ್ಕೂ ಹೋಗಲಿಲ್ಲ. ವಾಪಸ್ ತಗೊಳ್ಳಲ್ಲ ಅಂದ್ಲು. ಹಿಂಭಾಗದ ಫೋಟೋ ಕೇಳದೆ ಯಾರೂ ದುಡ್ಡು ಹಾಕಬೇಡಿ.

ಮಡಿಯವರು
ಹಿರಿಯರ ಹತ್ರ ಮಾತಾಡೋ ರೀತಿ ಅಲ್ಲ ಇದು.

ಆಗುಂಬೆ ದಾರಿ
ಅಮ್ಮಾ, ಬಾಣಂತಿ ಮನೇಲಿ ಮಗುವಿಗೆ ಮೊದಲು ಊರವರ ಹಳೇ ಬಟ್ಟೆನೇ ಅಲ್ವಾ ಹಾಕೋದು? ಅದು ಮೆತ್ತಗಿರುತ್ತೆ ಅಂತ ಕೇಳಿ ಇಸ್ಕೊಂಡು ಬರ್ತೀವಿ. ಆಗ ಎಲ್ಲಿಗೆ ಹೋಗಿತ್ತು ಮೈಲಿಗೆ?

ಭೀಮನಕೋಣೆ ಹತ್ತಿರದವರು
ಹೊಸದೋ ಹಳೇದೋ ಅಂತ ಗುದ್ದಾಡೋ ಬದಲು ಬಾಳಿಕೆ ಬರೋದು ತಗೊಳ್ಳಿ. ನಮ್ಮೂರ ಹೆಂಗಸರ ಸಹಕಾರ ಸಂಘ ಚರಕದ ಕೈಮಗ್ಗದ ಬಟ್ಟೆ ನಾನು ಹಾಕೋದು. ಅಡಿಕೆ ಚೊಗರಿನ ಬಣ್ಣದ ಒಂದು ಜುಬ್ಬಾ ಇದೆ, ತೊಳೆದಷ್ಟೂ ಚಂದ ಆಗ್ತಾ ಬಂದಿದೆ. ವರ್ಷಕ್ಕೆ ಎರಡು ಒಳ್ಳೇ ಬಟ್ಟೆ ಸಾಕು ಮನುಷ್ಯನಿಗೆ.

ಹೊಸನಗರ ಕಡೆಯವಳು
₹6,000ದಲ್ಲಿ ಮಷಿನ್, ಮಗಳ ಬಟ್ಟೆ, ಮದುವೆ ಎಲ್ಲ ಆಗಬೇಕು ಅಂತಿದಾರೆ ಅವರು. ನಿಮ್ಮ ಎರಡು ಜುಬ್ಬಾಕ್ಕೇ ಅದರಲ್ಲಿ ಒಂದು ಪಾಲು ಹೋಯ್ತು.

ಭೀಮನಕೋಣೆ ಹತ್ತಿರದವರು
ಬಣ್ಣ ಹಾಕೋರು, ನೇಯುವವರು, ಹೊಲಿಯೋರು ಎಲ್ಲ ನಮ್ಮೂರ ಹೆಂಗಸರೇ. ₹150ರ ಜೀನ್ಸ್ ದುಡ್ಡು ಯಾರ ಮನೆಗೆ ಹೋಗುತ್ತೆ ಹೇಳಿ ನೋಡೋಣ.

ಶಂಕರಘಟ್ಟ ಹಾಸ್ಟೆಲ್
ನನ್ನ ಮೆಸ್ ಬಿಲ್ಲಿಗೆ ಹೋಗುತ್ತೆ ಸರ್, ಉಳಿದ ದುಡ್ಡು.

ಗಾಂಧಿ ಬಜಾರ್ ಟೈಲರ್
ಇಷ್ಟು ಹೊತ್ತು ಓದ್ತಾ ಕೂತಿದ್ದೆ. ಮನೇಲಿ ಹೊಲಿದು ಕೆಡಿಸಿ ಕೊನೆಗೆ ತರೋದು ನಮ್ಮ ಹತ್ರ. ಮೊನ್ನೆ ಒಬ್ಬರು ಜೀನ್ಸ್ ತಂದ್ರು, ಉದ್ದ ಕಮ್ಮಿ ಮಾಡೋಕೆ ಕತ್ತರಿಸೇಬಿಟ್ಟಿದಾರೆ, ಮಡಚೋಕೆ ಅರ್ಧ ಇಂಚೂ ಬಿಟ್ಟಿಲ್ಲ. ಬೆಳೆಯೋ ಮಕ್ಕಳ ಬಟ್ಟೆಗೆ ಯಾರಾದ್ರೂ ಕತ್ತರಿ ಹಾಕ್ತಾರಾ? ಒಳಕ್ಕೆ ಮಡಚಿ ದೊಡ್ಡ ಹೊಲಿಗೆ ಹಾಕಿ, ಮುಂದಿನ ವರ್ಷ ಬಿಚ್ಚಿ. ಪಕ್ಕದ ಹೊಲಿಗೇಲಿ ಎರಡೆರಡು ಇಂಚು ಬಿಡಿ. ಸೆಕೆಂಡ್ ಹ್ಯಾಂಡ್ ತರೋದಾದ್ರೆ ಒಂದು ಸೈಜ್ ದೊಡ್ಡದೇ ತನ್ನಿ. ಚಿಕ್ಕದು ಮಾಡಬಹುದು, ದೊಡ್ಡದು ಮಾಡೋಕೆ ಬಟ್ಟೆ ಎಲ್ಲಿಂದ ತರಲಿ?

ಆಮೇಲೆ "ಒಂದು ಹೊಲಿಗೆಗೆ ₹60 ಯಾಕೆ" ಅಂತ ಚೌಕಾಸಿ. ಅಂಗಡಿ ಬಾಡಿಗೆ ಯಾರು ಕೊಡ್ತಾರೆ?

ಶಿರಾಳಕೊಪ್ಪ
ಗೌರಿ ಹಬ್ಬಕ್ಕೆ ಕೊಟ್ಟ ಬ್ಲೌಸ್ ದೀಪಾವಳಿಗೆ ಕೊಟ್ರೆ ಜನ ಮನೇಲೇ ಹೊಲಿಯೋದು ಕಲಿತಾರೆ. "ನಾಳೆ ಬನ್ನಿ" ಅಂತ ಬೋರ್ಡೇ ಹಾಕ್ಬಿಡಿ.

ಗಾಂಧಿ ಬಜಾರ್ ಟೈಲರ್
ಹಬ್ಬಕ್ಕೆ ಎರಡು ದಿನ ಇರೋವಾಗ ತಂದು ಕೊಡೋರು ಯಾರು? ಅಳತೆಗೆ ಅಂತ ಕೊಡೋದು ಮದುವೆಗೆ ಮುಂಚಿನ ಬ್ಲೌಸು. ಎಲ್ಲ ನಮ್ಮ ತಲೆ ಮೇಲೆ.

ತೀರ್ಥಹಳ್ಳಿ ಅಡಿಕೆ ಚಪ್ಪರ
ನನ್ನದೊಂದು ಸಣ್ಣ ಸಲಹೆ. ಹಳೇ ಮಷಿನ್ ಬಿಗಿಯಾಗಿದ್ರೆ ರಿಪೇರಿಯವನನ್ನ ಕರೀಬೇಡಿ. ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ರೆ ಸಾಕು, ಹಗುರಾಗುತ್ತೆ. ನಾನು ಹಾಗೇ ಮಾಡೋದು.

ಭದ್ರಾವತಿ ಪೇಪರ್ ಟೌನ್
ಅಯ್ಯೋ ದೇವರೇ. ಯಾರೂ ಇದನ್ನ ಮಾಡಬೇಡಿ. ಕೊಬ್ಬರಿ ಎಣ್ಣೆ ಒಳಗೆ ಹೋಗಿ ಅಂಟಾಗುತ್ತೆ, ಚಳಿಗಾಲದಲ್ಲಿ ಬಾಟಲಿಯಲ್ಲಿ ಗಟ್ಟಿ ಆಗೋದು ನೋಡಿಲ್ವಾ? 24 ಡಿಗ್ರಿಗಿಂತ ಕೆಳಗೆ ಹೋದ್ರೆ ಅದು ಹೆಪ್ಪುಗಟ್ಟುತ್ತೆ, ತೀರ್ಥಹಳ್ಳೀಲಿ ಡಿಸೆಂಬರ್ ಬೆಳಿಗ್ಗೆ ಎಷ್ಟಿರುತ್ತೆ ನೀವೇ ಹೇಳಿ. ಬಿಗಿಯಾಗಿದ್ರೆ ಮೊದಲು ಸೀಮೆಎಣ್ಣೆ ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ಚಕ್ರ ತಿರುಗಿಸಿ ಕೊಳೆ ಒರೆಸಿ, ಆಮೇಲೆ ಮಷಿನ್ ಎಣ್ಣೆ. ₹40ರ ಬಾಟಲಿ ವರ್ಷ ಬರುತ್ತೆ.

ತೀರ್ಥಹಳ್ಳಿ ಅಡಿಕೆ ಚಪ್ಪರ
ಸೀಮೆಎಣ್ಣೆ ಎಲ್ಲಿದೆ ಈಗ? ರೇಷನ್ನಲ್ಲಿ ಕೊಡ್ತಾರಾ ನಿಮಗೆ? ನಮ್ಮ ಮಷಿನ್ ಚೆನ್ನಾಗೇ ಓಡ್ತಿದೆ.

ಭದ್ರಾವತಿ ಪೇಪರ್ ಟೌನ್
ಮಾರ್ಚಲ್ಲಿ ಓಡುತ್ತೆ. ಡಿಸೆಂಬರಲ್ಲಿ ವೀಡಿಯೋ ಹಾಕಿ.

ಶಿರಾಳಕೊಪ್ಪ
ಹೊಸನಗರದವರೇ, ಜಗಲೀಲಿ ನಿಂತಿದೆ ಅಂದ್ರಲ್ಲ, ಆ ಮಷಿನ್ ಕೊಡ್ತೀರಾ? ತಂಗಿಗೆ ಬೇಕಿತ್ತು. ₹1,200 ಕೊಡ್ತೀನಿ.

ಹೊಸನಗರ ಕಡೆಯವಳು
₹1,200ಕ್ಕಾ? ಪ್ಲೈವುಡ್ಡೇ ₹900ದ್ದು! ಹೊಸ ಶಟಲ್ ಇದೆ, ಬೆಲ್ಟ್ ಹೊಸದು. ಒಳ್ಳೇ ಮಷಿನ್ನು. ₹4,000ಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ.

ಶಿರಾಳಕೊಪ್ಪ
ದಪ್ಪ ಬಟ್ಟೆಗೆ ಹೊಲಿಗೆ ಬಿಡುತ್ತೆ ಅಂತ ಮೇಲೆ ನೀವೇ ಬರೆದಿದೀರಲ್ಲ ಅಕ್ಕ.

ಹೊಸನಗರ ಕಡೆಯವಳು
ದಪ್ಪ ಬಟ್ಟೆ ಯಾಕೆ ಹೊಲೀತೀರಿ? ಪಾಪ್ಲಿನ್ನಿಗೆ ಬೆಣ್ಣೆ ಹಾಗೆ ಓಡುತ್ತೆ, ಬಂದು ನೋಡಿ.