ಎಣ್ಣೆ ದೀಪವೋ, ಆಯಿಲ್ ಒತ್ತಡದ ದೀಪವೋ?

ಬದಿಯಡ್ಕ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಮ್ಮ ಕಾಸರಗೋಡಿನಲ್ಲಿ ಹಳೆ ಫಿಯೆಟ್, ಪದ್ಮಿನಿ ಕಾರು ಇಟ್ಟುಕೊಂಡವರಿಗಾಗಿ ವರ್ಕ್‌ಶಾಪಿನ ಗೋಡೆಗೆ ಹಾಕುವ ಒಂದು ಚಾರ್ಟ್ ಮಾಡುತ್ತಿದ್ದೇವೆ. ಮಲಯಾಳದ್ದು ಆಯಿತು, ಕನ್ನಡದ್ದು ನಾಳೆ ಪ್ರೆಸ್ಸಿಗೆ ಹೋಗಬೇಕು. ಆಯಿಲ್ ಪ್ರೆಶರ್ ಕಮ್ಮಿಯಾದಾಗ ಮೀಟರಿನ ಹತ್ತಿರ ಹತ್ತುವ ಕೆಂಪು ಬಲ್ಬಿಗೆ ಏನು ಹೇಳೋಣ? ಮಲಯಾಳ ನೋಡಿ ಬರೆದವರು 'ಎಣ್ಣೆ ಮರ್ದ ದೀಪ' ಅಂತ ಹಾಕಿದ್ದಾರೆ, ಮಲಯಾಳದಲ್ಲಿ ಮರ್ದ ಅಂದರೆ ಒತ್ತಡ. ಇನ್ನೊಬ್ಬರು 'ಎಣ್ಣೆ ದೀಪ' ಸಾಕು ಅಂತಾರೆ.

ಕುಂಬಳೆ:
'ಮರ್ದ' ಕನ್ನಡವಲ್ಲ, ಹೊಡೆದು ಹಾಕಿ. ನಮ್ಮಲ್ಲಿ ಮರ್ದನ ಅಂದರೆ ತುಳಿಯುವುದು, ಕಾಳಿಂಗ ಮರ್ದನದ ಹಾಗೆ. ಇಲ್ಲಿಯ ತುಳುವರು ಓದಿದರೆ 'ಮರ್ದ್', ಅಂದರೆ ಮದ್ದು ಅಂದುಕೊಳ್ಳುತ್ತಾರೆ. 'ತೈಲ'ವೂ ಬೇಡ, ಅದು ಸಂಸ್ಕೃತದ ತಿಲದಿಂದ ಬಂದದ್ದು. ಎಣ್ಣೆ ನಮ್ಮದೇ: ಎಳ್ (ಎಳ್ಳು) ಮತ್ತು ನೆಯ್ (ಜಿಡ್ಡು) ಸೇರಿ ಆದದ್ದು. ರಕ್ತದೊತ್ತಡ ಇದ್ದ ಹಾಗೆ 'ಎಣ್ಣೆಯೊತ್ತಡದ ಎಚ್ಚರದೀಪ' ಅನ್ನಿ. ಇದರಲ್ಲಿ ಚರ್ಚೆಗೆ ಏನಿದೆ?

ಮಂಜೇಶ್ವರ:
ಇದೆ ಮಾಷ್ಟ್ರೇ. 'ಎಣ್ಣೆ ದೀಪ' ಅಂದರೆ ದೇವರ ಮುಂದೆ ಹಚ್ಚುವುದು, ಅದಂತೂ ಬೇಡವೇ ಬೇಡ. ಆದರೆ ನನಗೆ ಮುಖ್ಯ ಕಾಣುವುದು 'ಒತ್ತಡ'. ಅದನ್ನು ಬಿಟ್ಟರೆ ಜನ ದೀಪ ಹತ್ತಿದ ಕೂಡಲೇ ಒಂದು ಲೀಟರ್ ಆಯಿಲ್ ಸುರಿದು, ಸರಿಯಾಯಿತು ಅಂತ ಗಾಡಿ ಬಿಡುತ್ತಾರೆ. ಆ ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಎಂಜಿನ್ನಿಗೆ ಇಳಿಸಿ ನೋಡುವ ಕಡ್ಡಿ, ಡಿಪ್‌ಸ್ಟಿಕ್.

ಎಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸಿದ ಒಂದು ಪುಟ್ಟ ಸ್ವಿಚ್ ಇರುತ್ತದೆ. ತಲೆಯಲ್ಲಿ ಒಂದೇ ವಯರು. ಒಳಗೆ ಒಂದು ತೆಳು ಪೊರೆ. ಒತ್ತಡ ಇಲ್ಲದಾಗ ಒಳಗಿನ ಎರಡು ಲೋಹದ ತುದಿ ತಾಗಿ, ವಯರು ಗಾಡಿಯ ಲೋಹಕ್ಕೆ ಅರ್ತ್ ಆಗಿ, ಕರೆಂಟಿನ ದಾರಿ ಪೂರ್ತಿಯಾಗಿ ಬಲ್ಬು ಉರಿಯುತ್ತದೆ. ಆಯಿಲ್ ಪೊರೆಯನ್ನು ಒತ್ತಿದರೆ ತುದಿ ಬಿಟ್ಟು ಬಲ್ಬು ಆರುತ್ತದೆ. ಹಾಗಾಗಿ ಚಾವಿ ತಿರುಗಿಸಿದಾಗ ಅದು ಉರಿಯಲೇಬೇಕು. ಉರಿಯದಿದ್ದರೆ ಸಾಮಾನ್ಯವಾಗಿ ಬಲ್ಬು ಹೋಗಿದೆ, ಇಲ್ಲವೇ ವಯರು ತುಂಡಾಗಿದೆ. ಸ್ಟಾರ್ಟ್ ಆಗಿ ಕೆಲವು ಸೆಕೆಂಡಲ್ಲಿ ಆರಬೇಕು.

ಓಡುವಾಗ ಹತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮೊದಲು ಕಡ್ಡಿ ನೋಡಿ. ಆಯಿಲ್ ಸರಿ ಇದ್ದರೆ, ಎಂಜಿನ್ ಆಫಲ್ಲೇ ಇರಲಿ, ಚಾವಿ ಮಾತ್ರ ಆನ್ ಮಾಡಿ ಸ್ವಿಚ್ಚಿನ ವಯರು ಕಳಚಿ. ಆಗಲೂ ಬಲ್ಬು ಉರಿದರೆ ವಯರು ಎಲ್ಲೋ ಸುಲಿದು ಗಾಡಿಯ ಲೋಹಕ್ಕೆ ತಾಗಿದೆ. ಆರಿದರೆ ಒಂದೋ ಸ್ವಿಚ್ ಕೆಟ್ಟಿದೆ, ಇಲ್ಲ ಒತ್ತಡವೇ ಇಲ್ಲ. ಅದು ಗೊತ್ತಾಗಬೇಕಾದರೆ ಸ್ವಿಚ್ ಬಿಚ್ಚಿ ಆ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿಯೇ ನೋಡಬೇಕು. 'ಸ್ವಿಚ್ ಹೋಗಿರಬೇಕು' ಅಂತ ಸುಮ್ನೆ ಓಡಿಸಿದವರ ಬೇರಿಂಗ್ ಹೋಗುತ್ತದೆ. ಎಂಜಿನ್ ಬಿಸಿಯಾಗಿ ಐಡ್ಲಿಂಗಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನ ತಿರುಗುವಾಗ, ಮಾತ್ರ ಮಿಣುಕಿದರೆ ಆಯಿಲ್ ತೀರಾ ತೆಳುವಾಗಿರಬಹುದು, ಐಡ್ಲಿಂಗ್ ಕಮ್ಮಿ ಇರಬಹುದು, ಬೇರಿಂಗ್ ಸವೆದಿರಲೂಬಹುದು.

ಇಷ್ಟೆಲ್ಲ ಚಾರ್ಟಿನಲ್ಲಿ ಹಿಡಿಯುವುದಿಲ್ಲ. ಹೆಸರಿನಲ್ಲಿ 'ಒತ್ತಡ' ಇರಲಿ. ಎಣ್ಣೆ ಬದಲು 'ಆಯಿಲ್' ಅನ್ನಿ, ವರ್ಕ್‌ಶಾಪಲ್ಲಿ ಯಾರೂ ಬೇರೆ ಹೇಳುವುದಿಲ್ಲ.

ಕುಂಬಳೆ:
ರಿಪೇರಿ ಪಾಠ ಯಾರೂ ಕೇಳಲಿಲ್ಲ. ಎಳ್ಳಿನಿಂದ ಹುಟ್ಟಿದ ಪದ ತೆಂಗಿನೆಣ್ಣೆಗೆ ಆಗುತ್ತದೆ, ಚಿಮಿಣಿ ಎಣ್ಣೆಗೆ ಆಗುತ್ತದೆ, ಎಂಜಿನ್ನಿಗೆ ಮಾತ್ರ ಆಗುವುದಿಲ್ಲವೋ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿ ಒಂದು ಕನ್ನಡ ಬೋರ್ಡಿಗೂ ಒದ್ದಾಡಬೇಕು. ಸಿಕ್ಕಿದ ಬೋರ್ಡಿನಲ್ಲಿ ಅರ್ಧ ಮಲಯಾಳ, ಉಳಿದರ್ಧ ಇಂಗ್ಲಿಷ್. ಮತ್ತೆ ಕನ್ನಡದ್ದು ಏನು ಉಳಿಯಿತು, ಲಿಪಿಯೋ?

ಮಂಜೇಶ್ವರ:
ಎಂಜಿನ್, ರಿಪೇರಿ, ಬೋರ್ಡು ನಿಮ್ಮ ಬಾಯಲ್ಲೂ ಬಂತಲ್ಲ. ಆಯಿಲಿಗೆ ಮಾತ್ರ ಯಾಕೆ ಕೋಪ? ಅಂಗಡಿಗೆ ಹೋಗಿ 'ಎಂಜಿನ್ ಎಣ್ಣೆ' ಕೇಳಿ ನೋಡಿ.

ಉಪ್ಪಳ:
ಬೆಂಗಳೂರಲ್ಲಾದರೆ 'ಎಣ್ಣೆ' ಅಂದ ಕೂಡಲೇ ಬಾಟ್ಲಿ ಅಂದುಕೊಳ್ಳುತ್ತಾರೆ. 'ಎಣ್ಣೆ ಕಮ್ಮಿಯಾದರೆ ಗಾಡಿ ನಿಲ್ಲಿಸಿ' ಅಂತ ಬರೆದರೆ ನಿಲ್ಲಿಸುವವರು ಜಾಸ್ತಿ.

ಕುಂಬಳೆ:
ಇದು ತಮಾಷೆಯ ಜಾಗವಲ್ಲ. 'ಬೋರ್ಡು' ನಾನು ಹೇಳಿದ್ದು ಇಲ್ಲಿ ಇರುವ ಬೋರ್ಡುಗಳಿಗೆ. ಹೊಸದಾಗಿ ಅಚ್ಚು ಹಾಕುವಾಗಲಾದರೂ ನಮ್ಮ ಪದ ಮೊದಲು ಹುಡುಕಬೇಕು.

ಬದಿಯಡ್ಕ:
ಇಬ್ಬರಿಗೂ ಥ್ಯಾಂಕ್ಸ್. ದೀಪದ ಚಿತ್ರದ ಪಕ್ಕದಲ್ಲಿ 'ಆಯಿಲ್ ಒತ್ತಡದ ದೀಪ. ಓಡುವಾಗ ಹತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ' ಅಂತ ಹಾಕುತ್ತೇನೆ. 'ಎಚ್ಚರ' ಬೇಡ ಅನ್ನಿಸಿತು, ಬಣ್ಣವೇ ಕೆಂಪು ಅಲ್ವಾ. ಡಿಪ್‌ಸ್ಟಿಕ್ಕಿಗೆ 'ಅಳತೆ ಕಡ್ಡಿ' ಅಂತ ಬರೆದಿದ್ದೇನೆ. ಅದಕ್ಕೆ ಜಗಳ ಇರುವವರು ಇವತ್ತು ರಾತ್ರಿಯೊಳಗೆ ಮುಗಿಸಿಬಿಡಿ.