ಸಮರಕಲೆಯ ಅಭ್ಯಾಸದಿಂದ ನಿಜಕ್ಕೂ ಬದಲಾಗುವುದು ಏನು?

ಬಿಳಿಬೆಲ್ಟ್:
ನಲವತ್ತೊಂದನೆಯ ವಯಸ್ಸಿನಲ್ಲಿ ಜೂಡೊ ತರಗತಿಗೆ ಸೇರಿ ಈಗ ಎಂಟು ತಿಂಗಳಾಯಿತು. ಸೇರುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಬದುಕೇ ಬದಲಾಗುತ್ತದೆ ಎಂದು. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಿಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ. ಇವೆರಡನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ನನಗೆ ಕಾಣುತ್ತಿಲ್ಲ. ಮೇಲಧಿಕಾರಿ ದನಿ ಏರಿಸಿದರೆ ಈಗಲೂ ನಾಲಿಗೆ ಒಣಗುತ್ತದೆ. ನನ್ನ ಅರ್ಧ ವಯಸ್ಸಿನವರು ವಾರಕ್ಕೆ ಮೂರು ಸಂಜೆ ನನ್ನನ್ನು ಎತ್ತಿ ಮ್ಯಾಟಿನ ಮೇಲೆ ಕೆಡವುತ್ತಾರೆ, ನಾನು ಎದ್ದು ಮನೆಗೆ ಹೋಗುತ್ತೇನೆ, ಅಷ್ಟೇ. ವರ್ಷಗಟ್ಟಲೆ ಅಭ್ಯಾಸ ಮಾಡಿದವರು ತಮ್ಮಲ್ಲಿ ಬದಲಾದದ್ದೇನು, ಅದು ಯಾವಾಗ ಅರಿವಿಗೆ ಬಂತು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಮ್ಯಾಟು:
ನೀವು ‘ಅಷ್ಟೇ’ ಎಂದು ಬಿಟ್ಟುಬಿಟ್ಟ ಕಡೆಯೇ ವಿಷಯವಿದೆ ಎಂದು ನನಗೆ ತೋರುತ್ತದೆ. ಜೂಡೊದಲ್ಲಿ ಮೊದಲು ಕಲಿಸುವುದು ಕೆಡವುವುದನ್ನಲ್ಲ, ಬೀಳುವುದನ್ನು; ಅದಕ್ಕೆ ಉಕೆಮಿ ಎಂದು ಹೆಸರು. ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಇಡೀ ತೋಳಿನಿಂದ ಮ್ಯಾಟನ್ನು ಬಡಿದಾಗ ಪೆಟ್ಟು ಒಂದೇ ಕಡೆ ಬೀಳದೆ ಮೈತುಂಬ ಹಂಚಿಹೋಗುತ್ತದೆ. ಹೊಸಬರು ಬೀಳುವಾಗ ಅಂಗೈ ಊರಿ ತಡೆಯಲು ನೋಡುತ್ತಾರೆ, ಮಣಿಕಟ್ಟು ಮುರಿಯುವುದು ಹೆಚ್ಚಾಗಿ ಹಾಗೆಯೇ. ಹುಟ್ಟಿನಿಂದ ಬಂದ ಆ ಅಭ್ಯಾಸವನ್ನು ಬಿಡಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಜೂಡೊವನ್ನು 1882ರಲ್ಲಿ ಆರಂಭಿಸಿದ ಜಿಗೊರೊ ಕಾನೊ ಸ್ವತಃ ಚಿಕ್ಕ ಮೈಕಟ್ಟಿನವರು. ಶಾಲೆಯಲ್ಲಿ ಬಲಿಷ್ಠ ಹುಡುಗರ ಕಾಟ ತಾಳಲಾರದೆ ಜುಜುತ್ಸು ಎಂಬ ಜಪಾನಿನ ಹಳೆಯ ಸಮರಕಲೆ ಕಲಿಯಲು ಹೊರಟವರು. ಅವರು ರಂದೋರಿಗೆ, ಅಂದರೆ ಎದುರಾಳಿ ನಿಜವಾಗಿಯೇ ಪ್ರತಿರೋಧಿಸುವ ಮುಕ್ತ ಅಭ್ಯಾಸಕ್ಕೆ, ಬಹಳ ಮಹತ್ವ ಕೊಟ್ಟರು. ಅದರಲ್ಲಿ ಒಂದೇ ಸಂಜೆ ಇಪ್ಪತ್ತು ಸಲ ಸೋಲಬಹುದು, ಸೋತ ಪ್ರತಿ ಸಲವೂ ಎದ್ದು ಕೆಡವಿದವನ ಕಾಲರನ್ನೇ ಮತ್ತೆ ಹಿಡಿಯಬೇಕು. ಬೀಳುವ ಭಯಕ್ಕೆ ಮೈ ಬಿಗಿ ಮಾಡಿಕೊಂಡು ನಿಂತವನೇ ಬೇಗ ಬೀಳುತ್ತಾನೆ, ಜೋರಾಗಿಯೂ ಬೀಳುತ್ತಾನೆ. ನಾಲ್ಕನೆಯ ವರ್ಷ ನನ್ನ ಸಣ್ಣ ವ್ಯಾಪಾರ ಮುಳುಗಿದಾಗ, ಸಾಲ ಕೊಟ್ಟವರಿಂದ ಮುಖ ಮರೆಸಿಕೊಳ್ಳದೆ ಒಬ್ಬೊಬ್ಬರನ್ನೇ ನಾನೇ ಹೋಗಿ ಕಂಡೆ. ಮೊದಲಿನ ನಾನಾಗಿದ್ದರೆ ಫೋನ್ ಆರಿಸಿ ಕುಳಿತಿರುತ್ತಿದ್ದೆ. ಇದಕ್ಕೆ ಜೂಡೊವೇ ಕಾರಣ ಎಂದು ಸಾಬೀತು ಮಾಡಲಾರೆ. ಆದರೆ ಆ ದಿನಗಳಲ್ಲಿ ನಾನು ಬೇರೆ ಯಾವುದನ್ನೂ ಅಭ್ಯಾಸ ಮಾಡುತ್ತಿರಲಿಲ್ಲ. (ಹನ್ನೊಂದು ವರ್ಷವಾದರೂ ನನ್ನ ಸೆಯೊಯಿ ನಾಗೆ, ಅಂದರೆ ಎದುರಾಳಿಯನ್ನು ಬೆನ್ನ ಮೇಲೆ ಹೊತ್ತು ಕೆಡವುವ ಪಟ್ಟು, ಮಾತ್ರ ಸೊಟ್ಟಗೇ ಇದೆ.)

ಕತಾಪ್ರಿಯ:
ನನ್ನದು ಕರಾಟೆ, ನನ್ನ ಕಾಯಿಲೆ ಕೋಪ. ಕುಮಿತೆಯಲ್ಲಿ, ಅಂದರೆ ಎದುರಾಳಿಯೊಡನೆ ಕಾದಾಡುವ ಅಭ್ಯಾಸದಲ್ಲಿ, ಸಿಟ್ಟಿಗೆದ್ದವನ ಗುದ್ದು ಹೊರಡುವ ಮೊದಲೇ ಅವನ ಭುಜ ಮೇಲೇಳುತ್ತದೆ, ಉಸಿರು ಹೊಟ್ಟೆಯಿಂದ ಎದೆಗೆ ಏರುತ್ತದೆ. ಎದುರಿಗಿದ್ದವನಿಗೆ ಅಷ್ಟು ಸುಳಿವು ಸಾಕು. ನಾನು ಎಷ್ಟೋ ಪೆಟ್ಟು ತಿಂದ ಮೇಲೆ ಆ ಎರಡು ಗುರುತುಗಳನ್ನು ನನ್ನ ಮೈಯಲ್ಲೇ ಕಂಡುಹಿಡಿದೆ. ಈಗ ಮನೆಯಲ್ಲಿ ಮಾತು ಬೆಳೆಯುವಾಗಲೂ ಭುಜ ಏರಿದ್ದು ಗೊತ್ತಾಗುತ್ತದೆ, ಇಳಿಸುತ್ತೇನೆ. ಪ್ರತಿ ಸಲವೂ ಅಲ್ಲ. ಇನ್ನೊಂದು ಮಾತು: ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಯಾದ ಶೋದಾನ್ ಎಂಬ ಪದದ ಅರ್ಥವೇ ಆರಂಭದ ಮೆಟ್ಟಿಲು. ಎಂಟು ತಿಂಗಳಿಗೆ ಲೆಕ್ಕ ಕೇಳುವುದು ಸ್ವಲ್ಪ ಅವಸರವಾಯಿತು ಎನ್ನಲು ಅನುಮತಿಯಿರಲಿ.

ಎರಡು ತಟ್ಟು:
ಬದಲಾವಣೆ ಎಂದರೆ ಒಳಿತೇ ಎಂದು ಇಲ್ಲಿ ಎಲ್ಲರೂ ಭಾವಿಸಿದಂತಿದೆ. ನಾನು ಮೊದಲು ಕಲಿತ ಕಡೆ ಗುರುವನ್ನು ಪ್ರಶ್ನಿಸುವಂತಿರಲಿಲ್ಲ, ಮಂಡಿ ಊದಿದ್ದರೂ ಅಭ್ಯಾಸ ನಿಲ್ಲಿಸುವಂತಿರಲಿಲ್ಲ. ನೋವು ಸಹಿಸದವನು ಹೇಡಿ ಎಂಬುದೇ ಅಲ್ಲಿನ ಪಾಠವಾಗಿತ್ತು. ಎರಡು ವರ್ಷಗಳಲ್ಲಿ ನಾನು ಮೇಲಿನವರ ಮುಂದೆ ಇನ್ನಷ್ಟು ಬಾಗುವವನೂ ಹೊಸಬರ ಮೇಲೆ ದರ್ಪ ತೋರುವವನೂ ಆಗಿಬಿಟ್ಟಿದ್ದೆ. ಅದೂ ಬದಲಾವಣೆಯೇ ತಾನೇ? ಈಗ ಎದುರಾಳಿಯನ್ನು ಹಿಡಿತದಲ್ಲಿ ಸಿಕ್ಕಿಸಿ ಸೋಲೊಪ್ಪಿಸುವ ಜಿಯು-ಜಿತ್ಸು ಕಲಿಯುತ್ತಿರುವ ಕಡೆ, ಸಿಕ್ಕಿಕೊಂಡವನು ಎರಡು ಸಲ ತಟ್ಟಿದರೆ ಹಿಡಿದವನು ಆ ಕ್ಷಣವೇ ಬಿಡಬೇಕು, ಯಾರೂ ಕಾರಣ ಕೇಳುವುದಿಲ್ಲ. ಕತ್ತನ್ನು ಒಬ್ಬರ ಕೈಗೆ ಕೊಟ್ಟು, ತಟ್ಟಿದರೆ ಬಿಡುತ್ತಾರೆ ಎಂದು ನಂಬುವುದನ್ನು ನಾನು ಅಲ್ಲಿ ಕಲಿತೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ನೀವು ಎಷ್ಟು ಬದಲಾದಿರಿ ಎಂದು ನೋಡುವ ಮೊದಲು, ನಿಮ್ಮ ತರಗತಿಯ ಹಿರಿಯರು ಹೊಸಬರನ್ನು ಹೇಗೆ ಕೆಡವುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿ.

ಬಿಳಿಬೆಲ್ಟ್:
ಎಲ್ಲರಿಗೂ ಧನ್ಯವಾದಗಳು. ನಮ್ಮ ಹಿರಿಯರು ಕೆಡವುವಾಗ ತೋಳನ್ನು ಕೊನೆಯವರೆಗೂ ಹಿಡಿದುಕೊಂಡಿರುತ್ತಾರೆ, ತಲೆ ನೆಲಕ್ಕೆ ತಾಗದಿರಲೆಂದು. ಅದನ್ನು ನಾನು ಈವರೆಗೆ ಉಪಕಾರವೆಂದು ಎಣಿಸಿಯೇ ಇರಲಿಲ್ಲ. ನಿಮ್ಮ ಮಾತುಗಳನ್ನು ಓದುವಾಗ ಮತ್ತೊಂದು ನೆನಪಾಯಿತು. ಮೊದಲ ತಿಂಗಳು ತರಗತಿಯಿದ್ದ ದಿನ ಮಧ್ಯಾಹ್ನದಿಂದಲೇ ಹೊಟ್ಟೆ ತೊಳಸುತ್ತಿತ್ತು, ಹೋಗದಿರಲು ನೆಪ ಹುಡುಕುತ್ತಿದ್ದೆ. ಅದು ಯಾವಾಗ ನಿಂತಿತೋ ನನಗೆ ತಿಳಿದೇ ಇಲ್ಲ.