ಆರತಕ್ಷತೆಗೆ ಹೋಗಲು ಭಯ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ನನಗೆ 31 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದವಳು, ಮದುವೆಯಾಗಿ ಬೆಂಗಳೂರಿಗೆ ಬಂದಿದ್ದೇನೆ. ಮುಂದಿನ ತಿಂಗಳು ಪತಿಯ ಮೇಲಧಿಕಾರಿಯ ಮಗಳ ಆರತಕ್ಷತೆ. ದೊಡ್ಡ ಕಲ್ಯಾಣ ಮಂಟಪ, ಪರಿಚಯದವರು ಒಬ್ಬರೂ ಇಲ್ಲ. ವೇದಿಕೆ ಹತ್ತುವುದು, ಫೋಟೊ, ಅಪರಿಚಿತರ ಪಕ್ಕ ಊಟಕ್ಕೆ ಕೂರುವುದು ನೆನೆದರೇ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಹಿಂದಿನ ಸಮಾರಂಭಗಳನ್ನು ತಲೆನೋವೆಂದು ಹೇಳಿ ತಪ್ಪಿಸಿಕೊಂಡೆ. ‘ಹೋಗಿ ಊಟ ಮಾಡಿ ಬರುವುದಕ್ಕೆ ಏನು ಭಯ?’ ಎನ್ನುತ್ತಾರೆ ಪತಿ. ಈ ಬಾರಿ ಏನು ಮಾಡಲಿ?

ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಮಗಳೇ, ಈ ಬಾರಿ ಹೋಗು. ಹೇಗೆ ಹೋಗಬೇಕು ಎಂಬುದನ್ನು ಮಾತ್ರ ಈಗಲೇ ತೀರ್ಮಾನಿಸಿಕೊ.

ಆರತಕ್ಷತೆಯಲ್ಲಿ ಅತಿಥಿಗೆ ಇರುವ ಕೆಲಸ ಬಹಳ ಕಡಿಮೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರೆ, ಕುಂಕುಮ, ಕಲ್ಲುಸಕ್ಕರೆ ಕೊಡುತ್ತಾರೆ. ಆಮೇಲೆ ಸಾಲು. ವೇದಿಕೆ ತಲುಪಿದಾಗ ವಧೂವರರಿಗೆ ಒಂದು ನಮಸ್ಕಾರ, ಕೈಗೊಂದು ಲಕೋಟೆ, ‘ಇಬ್ಬರೂ ಸುಖವಾಗಿರಿ’ ಎಂಬ ಒಂದು ಮಾತು. ಫೋಟೊದವರು ‘ಈ ಕಡೆ ನೋಡಿ’ ಎನ್ನುವಷ್ಟರಲ್ಲಿ ನಿನ್ನ ಹಿಂದಿನವರು ಮೆಟ್ಟಿಲು ಹತ್ತಿರುತ್ತಾರೆ. ಸಂಜೆಯೆಲ್ಲ ನಿಂತು, ಆಭರಣದ ಭಾರ ಹೊತ್ತು, ನಕ್ಕು ನಕ್ಕು ದವಡೆ ನೋಯಿಸಿಕೊಂಡ ಆ ಹುಡುಗಿಗೆ ನಿನ್ನ ಕೈ ನಡುಗಿತೋ ಇಲ್ಲವೋ ಎಂದು ನೋಡುವ ತ್ರಾಣವೇ ಇರುವುದಿಲ್ಲ.

ಆಮಂತ್ರಣದಲ್ಲಿ ಏಳು ಗಂಟೆ ಎಂದಿದ್ದರೆ ಏಳಕ್ಕೇ ಅಲ್ಲಿರು. ನಿನ್ನಂಥವರು ಆದಷ್ಟು ತಡವಾಗಿ ಹೋಗಲು ನೋಡುತ್ತಾರೆ, ಅದರಿಂದ ಕಷ್ಟ ಹೆಚ್ಚುತ್ತದೆ. ಎಂಟರ ಹೊತ್ತಿಗೆ ಕಚೇರಿ ಮುಗಿಸಿ ಬಂದವರೆಲ್ಲ ಸೇರಿ ಸಾಲು ಬಾಗಿಲವರೆಗೂ ಬೆಳೆದಿರುತ್ತದೆ. ತುಂಬಿದ ಸಭೆಗೆ ಕಾಲಿಡುವುದು ನಿನಗೆ ಇನ್ನೂ ದುಸ್ತರ. ಖಾಲಿ ಕುರ್ಚಿಗಳ ನಡುವೆ ಮೊದಲೇ ಕುಳಿತಿದ್ದರೆ ಜನ ನಿನ್ನ ಸುತ್ತ ನಿಧಾನವಾಗಿ ತುಂಬಿಕೊಳ್ಳುತ್ತಾರೆ, ಮನಸ್ಸೂ ಹೊಂದಿಕೊಳ್ಳುತ್ತದೆ.

ಊಟದ ವಿಷಯ. ಬಫೆ ಮತ್ತು ಬಾಳೆಲೆ ಎರಡೂ ಇದ್ದರೆ ಬಾಳೆಲೆಗೇ ಹೋಗು. ತಟ್ಟೆ ಹಿಡಿದು ಯಾರ ಬಳಿ ನಿಲ್ಲಲಿ ಎಂಬ ಸಂಕಟ ಪಂಕ್ತಿಯಲ್ಲಿ ಇಲ್ಲ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಒಂದರ ಹಿಂದೆ ಒಂದು ಬರುತ್ತಿರುತ್ತವೆ, ಎಲ್ಲರ ಕಣ್ಣೂ ಅವರವರ ಎಲೆಯ ಮೇಲೆ. ಮಾತಾಡಲೇಬೇಕು ಅನಿಸಿದರೆ ‘ನೀವು ಹುಡುಗಿಯ ಕಡೆಯವರೋ, ಹುಡುಗನ ಕಡೆಯವರೋ?’ ಎಂದು ಕೇಳು. ಮುಂದಿನದನ್ನು ಅವರೇ ನಡೆಸಿಕೊಂಡು ಹೋಗುತ್ತಾರೆ.

ಹೊಸ ಸೀರೆ ಬೇಡ. ಹೊಸ ರೇಷ್ಮೆಯ ನೆರಿಗೆ ಉಬ್ಬಿಕೊಂಡು ನಿಲ್ಲುತ್ತದೆ, ಸಂಜೆಯೆಲ್ಲ ಅದನ್ನು ಒತ್ತುವುದೇ ಆಗುತ್ತದೆ. ಉಟ್ಟು ಮೈಗೆ ಒಗ್ಗಿದ ಸೀರೆ, ಕಚ್ಚದ ಚಪ್ಪಲಿ ಸಾಕು.

ತಲೆನೋವಿನ ನೆಪವನ್ನು ಮಾತ್ರ ಬಿಟ್ಟುಬಿಡು. ನೆಪ ಹೇಳಿದ ಸಂಜೆ ಸಿಗುವ ನೆಮ್ಮದಿಯೇ ಮುಂದಿನ ಸಮಾರಂಭದ ಭಯಕ್ಕೆ ಗೊಬ್ಬರವಾಗುತ್ತದೆ. ಬೇಗ ಹೊರಟು ಬಂದರೂ ತಪ್ಪಿಲ್ಲ. ಆದರೆ ಭಯ ನೆತ್ತಿಗೇರಿದ ಗಳಿಗೆಯಲ್ಲಿ ಏಳಬೇಡ. ಅದು ಸ್ವಲ್ಪ ಇಳಿಯುವವರೆಗೆ ಕುಳಿತಿದ್ದು ಆಮೇಲೆ ಏಳು.

ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಸಹೋದರಿ, ನನಗೂ ಇದೇ ತೊಂದರೆ; ಪೂರ್ತಿ ಹೋಗಿಯೂ ಇಲ್ಲ. ನಾಲ್ಕು ಜನರೆದುರು ಚಹಾ ಹಿಡಿದರೆ ಬಸಿಯ ಮೇಲೆ ಕಪ್ಪು ಕಟಕಟ ಸದ್ದು ಮಾಡುತ್ತದೆ. ಬಿಗಿಯಾಗಿ ಹಿಡಿದಷ್ಟೂ ನಡುಕ ಹೆಚ್ಚು. ಈಗ ಬಸಿಯನ್ನು ಮೇಜಿನ ಮೇಲೆ ಬಿಟ್ಟು ಬರಿಯ ಕಪ್ಪು ಎತ್ತಿಕೊಳ್ಳುತ್ತೇನೆ, ನಡುಗಿದರೆ ನಡುಗಲಿ ಎಂದು ಎದುರಿನವರ ಮಾತಿಗೆ ಕಿವಿ ಕೊಡುತ್ತೇನೆ. ಗಮನ ಅವರ ಕಡೆ ಹೋದಂತೆ ಕೈಯೂ ತಣ್ಣಗಾಗುತ್ತದೆ.

ನನಗೆ ಧೈರ್ಯ ಕೊಟ್ಟ ಒಂದು ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಅದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಆ ಚಿತ್ರ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ. ಎದೆಯ ಮೇಲಿನ ಚಿತ್ರವೇ ಅಷ್ಟು ಜನರ ಕಣ್ಣು ತಪ್ಪಿಸಿತು ಎಂದಮೇಲೆ ನಿಮ್ಮ ಅಂಗೈಯ ಬೆವರು ಯಾರಿಗೆ ಕಾಣುತ್ತದೆ, ಯೋಚಿಸಿ.

ಆಪ್ತ ಸಮಾಲೋಚಕಿ, ಮಂಗಳೂರು

ನೀವು ಬರೆದ ಲಕ್ಷಣಗಳೆಲ್ಲ ಭಯವಾದಾಗ ಮೈಯಲ್ಲಿ ಹೊಮ್ಮುವ ಅಡ್ರಿನಲಿನ್ ಎಂಬ ಹಾರ್ಮೋನು ಏರಿದಾಗ ಯಾರಿಗಾದರೂ ಆಗುವಂಥವು. ಭಯದಲ್ಲಿ ಉಸಿರಾಟ ಚುರುಕಾಗಿ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಇಳಿಯುತ್ತದೆ, ಅದರಿಂದ ತಲೆ ಹಗುರಾಗಿ ಬೆರಳುಗಳು ಜುಮ್ಮೆನ್ನುತ್ತವೆ. ಆಗ ಜೋರಾಗಿ ಉಸಿರೆಳೆದುಕೊಂಡರೆ ಅದು ಇನ್ನಷ್ಟು ಕೆಡುತ್ತದೆ. ಮೂಗಿನಿಂದ ಸಹಜವಾಗಿ ಎಳೆದು, ಬಿಡುವಾಗ ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಇದನ್ನು ಮಂಟಪದಲ್ಲಿ ಮೊದಲ ಬಾರಿ ಮಾಡಲು ಹೊರಡಬೇಡಿ. ಇವತ್ತಿನಿಂದಲೇ ರಾತ್ರಿ ಮಲಗುವ ಮುನ್ನ ರೂಢಿ ಮಾಡಿಕೊಳ್ಳಿ. ಆ ದಿನ ಕಾಫಿ ಕಡಿಮೆ ಮಾಡಿ, ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಎರಡೂ ನಡುಕವನ್ನು ಹೆಚ್ಚಿಸುತ್ತವೆ.

ಒಂದು ಎಚ್ಚರಿಕೆ. ‘ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ತೆಗೆದುಕೊಳ್ಳಿ’ ಎಂದು ಪ್ರೊಪ್ರನೊಲೋಲ್ ಹೆಸರು ಹೇಳುವವರು ಸಿಗುತ್ತಾರೆ. ಅದು ಹೃದಯ ಬಡಿತವನ್ನು ತಗ್ಗಿಸುವ ಔಷಧ. ಆಸ್ತಮಾ ಇರುವವರಿಗೆ ಅಪಾಯಕಾರಿ. ವೈದ್ಯರು ನಿಮ್ಮನ್ನು ನೋಡಿ ಬರೆದುಕೊಡದೆ ಮುಟ್ಟಬೇಡಿ.

ಇಂಥ ಭಯ ಆರು ತಿಂಗಳಿಗೂ ಮೀರಿ ಉಳಿದು, ಬದುಕಿನ ಅಗತ್ಯಗಳನ್ನೇ ತಪ್ಪಿಸಿಕೊಳ್ಳುವಂತೆ ಮಾಡುತ್ತಿದ್ದರೆ ಅದು ಸಾಮಾಜಿಕ ಆತಂಕದ ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಯೋಚನೆಯ ಜಾಡನ್ನು ಗುರುತಿಸಿ ತಿದ್ದುವ, ಭಯದ ಸನ್ನಿವೇಶಗಳಿಗೆ ಸಣ್ಣದರಿಂದ ದೊಡ್ಡದಕ್ಕೆ ಒಗ್ಗಿಸುವ ಮಾತಿನ ಚಿಕಿತ್ಸೆಯಿಂದ ಬಹಳ ಜನರಿಗೆ ಗುಣ ಕಂಡಿದೆ. ನೀವು ಬೆಂಗಳೂರಿನಲ್ಲೇ ಇದ್ದೀರಿ, ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಹತ್ತಿರವೇ ಇದೆ. ನೇರವಾಗಿ ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಓದುಗ, ತುಮಕೂರು

ನಾನು ಬರೆಯುತ್ತಿರುವುದು ಇವರ ಪತಿಗೆ. ಸ್ವಾಮಿ, ‘ಏನು ಭಯ?’ ಎಂದು ಕೇಳಿದಿರಿ. ನಿಮ್ಮ ಪತ್ನಿ ಈಗ ಒಂದೊಂದನ್ನೂ ಬಿಡಿಸಿ ಹೇಳಿದ್ದಾರೆ. ಅದು ನಿಮ್ಮ ಕಚೇರಿಯವರ ಸಮಾರಂಭ, ಅಲ್ಲಿ ನಿಮಗೆ ಹತ್ತು ಜನ ಗೊತ್ತು, ನಿಮ್ಮ ಪತ್ನಿಗೆ ನೀವೊಬ್ಬರೇ ಗೊತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ‘ಐದು ನಿಮಿಷ, ಬಂದೆ’ ಎಂದು ಸ್ನೇಹಿತರ ಗುಂಪಿಗೆ ಹೋಗಿಬಿಡಬೇಡಿ. ಸಾಲಿನಲ್ಲಿ, ವೇದಿಕೆಯ ಮೇಲೆ, ಪಂಕ್ತಿಯಲ್ಲಿ ಪಕ್ಕದಲ್ಲೇ ಇರಿ. ಸಾಕೆನಿಸಿದಾಗ ನಿಮಗೆ ತಿಳಿಯಲು ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ.

ಯಾರಿಗಾದರೂ ಪರಿಚಯಿಸುವಾಗ ದಯವಿಟ್ಟು ‘ಇವಳಿಗೆ ತುಂಬಾ ಸಂಕೋಚ’ ಎನ್ನಬೇಡಿ. ಆ ಒಂದು ಮಾತಿಗೆ ಎದುರಿನವರೆಲ್ಲ ಅವರ ಮುಖ ನೋಡಲು ಶುರು ಮಾಡುತ್ತಾರೆ. ‘ಇವರದು ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆ’ ಎನ್ನಿ. ಖಾರದ ಪುಡಿ ಹೇಗೆ ಮಾಡುತ್ತೀರಿ, ಕೆ.ಜಿ.ಗೆ ಎಷ್ಟಾಗಿದೆ ಎಂದು ಹೆಂಗಸರು ಕೇಳುತ್ತಾರೆ, ಅದಕ್ಕೆ ಅವರ ಬಳಿ ಉತ್ತರವಿರುತ್ತದೆ.

ಮನೆಗೆ ಮರಳುವಾಗ ‘ನೋಡಿದೆಯಾ, ಏನೂ ಆಗಲಿಲ್ಲವಲ್ಲ’ ಎನ್ನಬೇಡಿ. ಅವರೊಳಗೆ ಬಹಳ ಆಗಿರುತ್ತದೆ. ಎಲ್ಲಿ ಕಷ್ಟವಾಯಿತು, ಎಲ್ಲಿ ಹಗುರಾಯಿತು ಎಂದು ಕೇಳಿ. ಮುಂದಿನ ಆಮಂತ್ರಣ ಬಂದಾಗ ಆ ಉತ್ತರ ನಿಮಗೆ ಬೇಕಾಗುತ್ತದೆ.